ಪಟ್ಟ ಇಳಿಸುವ ವಿಧಿ: ಎರಡನೆಯ ರಿಚರ್ಡ್ ಪ್ರಕರಣ

1601ರ ಫೆಬ್ರವರಿ 18ರಂದು ಲಂಡನ್ನಿನಲ್ಲಿ ಅಗಸ್ಟೀನ್ ಫಿಲಿಪ್ಸ್ ಎಂಬ ನಟ ವಿಚಾರಣಾಧಿಕಾರಿಗಳ ಮುಂದೆ ಪ್ರಮಾಣ ಮಾಡಿ ಹೇಳಿಕೆ ಕೊಟ್ಟ. ಶೇಕ್ಸ್‌ಪಿಯರ್ ಇದ್ದ ನಾಟಕ ಮಂಡಳಿಗೆ ಅವನೂ ಒಬ್ಬ ಪಾಲುದಾರ. ಹೇಳಿಕೆಯ ಸಾರ ಇಷ್ಟು: ಈಚೆಗೆ ಕೆಲವು ದೊಡ್ಡ ಮನೆತನದವರು ನಮ್ಮಲ್ಲಿಗೆ ಬಂದು, ‘ಎರಡನೆಯ ರಿಚರ್ಡ್ ದೊರೆಯ ಪದಚ್ಯುತಿ ಮತ್ತು ಕೊಲೆ’ಯ ನಾಟಕವನ್ನು ಬರುವ ಶನಿವಾರ ಆಡಬೇಕು ಎಂದು ಕೇಳಿದರು. ನಾವು ಬೇರೆ ನಾಟಕ ಆಡುವುದೆಂದು ನಿಶ್ಚಯಿಸಿದ್ದೆವು. ರಿಚರ್ಡನ ನಾಟಕ ಹಳೆಯದು, ಆಡಿ ಬಹಳ ಕಾಲವಾಗಿದೆ, ನೋಡಲು ಜನ ಬರುವುದಿಲ್ಲ ಎಂದೇ ನಮ್ಮ ಎಣಿಕೆ. ಮಾಮೂಲಿ ಗಳಿಕೆಯ ಮೇಲೆ 40 ಶಿಲ್ಲಿಂಗ್ ಹೆಚ್ಚು ಕೊಡುವುದಾಗಿ ಅವರು ಹೇಳಿದರು. ಒಪ್ಪಿದೆವು, ಆಡಿದೆವು, ಹಣ ಪಡೆದೆವು.

ಗ್ಲೋಬ್ ರಂಗಮಂದಿರದಲ್ಲಿ ನೆಲದ ಮೇಲೆ ನಿಂತು ನಾಟಕ ನೋಡಲು ಆಗ ಒಂದು ಪೆನ್ನಿ. 40 ಶಿಲ್ಲಿಂಗ್ ಎಂದರೆ 480 ಪೆನ್ನಿ. ಆರೇಳು ವರ್ಷದ ಹಿಂದಿನ ನಾಟಕವೊಂದಕ್ಕೆ 480 ಮಂದಿಯ ಪ್ರವೇಶದ ಹಣವನ್ನು ಕೈಯಿಂದ ಕೊಟ್ಟು ಆಡಿಸಿದವರು ರಂಗಪ್ರೇಮಿಗಳಾಗಿರಲಿಲ್ಲ. ಆಟ ನಡೆದದ್ದು ಫೆಬ್ರವರಿ 7ರ ಶನಿವಾರ. ಮರುದಿನ ಭಾನುವಾರ ಬೆಳಗ್ಗೆ ಎಸೆಕ್ಸ್‌ನ ಅರ್ಲ್ ರಾಬರ್ಟ್ ಡೆವರೊ ಇನ್ನೂರು ಮುನ್ನೂರು ಬೆಂಬಲಿಗರನ್ನು ಕಟ್ಟಿಕೊಂಡು ಲಂಡನ್ ನಗರದೊಳಗೆ ನುಗ್ಗಿದ. 67 ವರ್ಷದ ಎಲಿಜಬೆತ್ ರಾಣಿಯ ಸುತ್ತ ಇರುವ ತನ್ನ ವೈರಿಗಳನ್ನು ಕಿತ್ತೊಗೆಯುವುದು ಅವನು ಹೇಳಿಕೊಂಡ ಉದ್ದೇಶ. ನಾಟಕ ಆಡಿಸಿದವರೂ ಅವನ ಬಳಗದವರೇ.

ಇನ್ನೂರು ವರ್ಷಗಳ ಹಿಂದೆ ಸತ್ತ ಒಬ್ಬ ಅರಸನ ಕಥೆಯಲ್ಲಿ ಅಂಥದ್ದೇನಿತ್ತು? ಇಂಗ್ಲೆಂಡಿನ ಮಧ್ಯಯುಗದಲ್ಲಿ ಕೊಲೆಯಾದ, ಸೆರೆಯಾದ, ರಣದಲ್ಲಿ ಬಿದ್ದ ದೊರೆಗಳು ಹಲವರು. ಅವರಲ್ಲಿ ಬಹುಮಂದಿ ರಂಗದ ಮೇಲೂ ಬಂದಿದ್ದಾರೆ. ಆದರೆ ರಿಚರ್ಡನ ಪ್ರಕರಣದಲ್ಲಿ ಹೆದರಿಕೆ ಹುಟ್ಟಿಸಿದ್ದು ಕೊಲೆಯಲ್ಲ, ರಕ್ತವಲ್ಲ. ತಲೆಯ ಮೇಲಿನ ಕಿರೀಟವನ್ನು ಎತ್ತಿ ಇನ್ನೊಬ್ಬನ ಕೈಗೆ ಕೊಡುವ ಒಂದು ಗಳಿಗೆ. ಪಟ್ಟ ಕಟ್ಟುವುದಕ್ಕೆ ಮಂತ್ರವಿದೆ, ತೈಲವಿದೆ, ಮೆರವಣಿಗೆಯಿದೆ. ಪಟ್ಟ ಇಳಿಸುವುದಕ್ಕೆ ಏನಿದೆ? 1399ರಲ್ಲಿ ಇಂಗ್ಲೆಂಡ್ ಈ ಪ್ರಶ್ನೆಗೆ ಕಾಗದಪತ್ರಗಳಲ್ಲಿ ಒಂದು ಉತ್ತರ ಬರೆದುಕೊಂಡಿತು. ಸುಮಾರು 1595ರಲ್ಲಿ ಶೇಕ್ಸ್‌ಪಿಯರ್ ಬೇರೆಯೇ ಉತ್ತರ ಬರೆದ. ಎರಡನ್ನೂ ಎದುರುಬದುರು ಇಟ್ಟು ನೋಡುವುದಕ್ಕಾಗಿಯೇ ಈ ಬರಹ.

ರಿಚರ್ಡ್ ಹುಟ್ಟಿದ್ದು 1367ರ ಜನವರಿ 6ರಂದು, ಫ್ರಾನ್ಸಿನ ಬೋರ್ಡೊ ನಗರದಲ್ಲಿ. ಯುವರಾಜನಾಗಿದ್ದ ತಂದೆ 1376ರಲ್ಲಿ ತೀರಿಕೊಂಡ. ಮರುವರ್ಷ ಅಜ್ಜ ಮೂರನೆಯ ಎಡ್ವರ್ಡ್ ಹೋದ. ಹತ್ತು ವರ್ಷದ ಹುಡುಗನಿಗೆ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಪಟ್ಟಾಭಿಷೇಕವಾಯಿತು. ಹದಿನಾಲ್ಕು ತುಂಬಿದ್ದ 1381ರಲ್ಲಿ ರೈತರ ದಂಗೆ ಲಂಡನ್ನಿಗೆ ನುಗ್ಗಿತು. ಸ್ಮಿತ್‌ಫೀಲ್ಡ್ ಬಯಲಿನಲ್ಲಿ ದಂಗೆಯ ಮುಂದಾಳು ವಾಟ್ ಟೈಲರನನ್ನು ದೊರೆಯ ಕಡೆಯವರು ಕಡಿದು ಕೆಡವಿದಾಗ ಬಿಲ್ಲುಗಳು ಬಾಗಿದವು. ಆಗ ಹುಡುಗ ಕುದುರೆಯನ್ನು ಮುಂದಕ್ಕೆ ಬಿಟ್ಟುಕೊಂಡು ಹೋಗಿ, ಇನ್ನು ನಿಮ್ಮ ನಾಯಕ ನಾನೇ, ನನ್ನ ಹಿಂದೆ ಬನ್ನಿ ಎಂದ. ಜನ ಹಿಂದೆ ಬಂದರು. ಕೆಲವೇ ದಿನಗಳಲ್ಲಿ ಅವರಿಗೆ ಕೊಟ್ಟ ಮಾತನ್ನೆಲ್ಲ ಅವನು ಹಿಂತೆಗೆದುಕೊಂಡ. ಧೈರ್ಯ ಮತ್ತು ವಚನಭಂಗ ಎರಡೂ ಅವನ ಬಾಳಿನಲ್ಲಿ ಅಷ್ಟು ಬೇಗನೆ ಜೊತೆಯಾಗಿ ಕಾಣಿಸಿಕೊಂಡವು.

ಬೆಳೆದ ಮೇಲೆ ಅವನಿಗೆ ದೊರೆತನವೇ ಒಂದು ಪೂಜೆಯಾಯಿತು. ಅಂದಿನ ಒಂದು ವೃತ್ತಾಂತದಲ್ಲಿ ಒಂದು ಚಿತ್ರವಿದೆ. ಹಬ್ಬದ ದಿನಗಳಲ್ಲಿ ಊಟವಾದ ಮೇಲೆ ರಿಚರ್ಡ್ ಎತ್ತರದ ಸಿಂಹಾಸನದಲ್ಲಿ ಕುಳಿತು, ಸಂಜೆಯ ಪ್ರಾರ್ಥನೆಯ ಹೊತ್ತಿನ ತನಕ ಯಾರೊಡನೆಯೂ ಮಾತಾಡದೆ ಸುತ್ತ ನೋಡುತ್ತಿದ್ದನಂತೆ. ಅವನ ಕಣ್ಣು ಯಾರ ಮೇಲೆ ಬಿತ್ತೋ ಅವನು, ಎಷ್ಟೇ ದೊಡ್ಡ ಸರದಾರನಾಗಿರಲಿ, ಮಂಡಿಯೂರಬೇಕು. ಮಾತಿಲ್ಲದ, ನೋಟ ಮಾತ್ರ ಇರುವ ಈ ಮಧ್ಯಾಹ್ನಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ನಾಟಕದಲ್ಲಿ ಕನ್ನಡಿ ಬರುವಾಗ ಇವು ಬೇಕಾಗುತ್ತವೆ.

ವೆಸ್ಟ್‌ಮಿನ್‌ಸ್ಟರ್ ಸಭಾಭವನದ ಮರದ ಚಾವಣಿಯೂ ಅವನದೇ ಕನಸು. ನಡುವೆ ಒಂದು ಕಂಬವೂ ಇಲ್ಲದೆ ಇಪ್ಪತ್ತು ಮೀಟರಿಗೂ ಮೀರಿದ ಅಗಲವನ್ನು ದಾಟುವ ಓಕ್ ತೊಲೆಗಳ ಚಾವಣಿ ಅದು. 600 ಟನ್ನಿಗೂ ಹೆಚ್ಚು ಮರ. ತೊಲೆಗಳ ತುದಿಯಲ್ಲಿ ರಾಜಲಾಂಛನ ಹಿಡಿದ ದೇವದೂತರು. 1390ರ ದಶಕದಲ್ಲಿ ಕೆಲಸ ಶುರುವಾಗಿ, ಅವನ ಆಳ್ವಿಕೆ ಮುಗಿಯುವ ಹೊತ್ತಿಗೆ ಮೇಲೇರಿ ನಿಂತಿತ್ತು. ಅವನನ್ನು ಪಟ್ಟದಿಂದ ಇಳಿಸಿದ ಸಭೆ ಕೂಡಿದ್ದು ಇದೇ ಚಾವಣಿಯ ಕೆಳಗೆ.

ಪತನದ ರಾಜಕೀಯ ಕಾರಣಗಳನ್ನು ಇಲ್ಲಿ ಬೇಗ ದಾಟಿಬಿಡುತ್ತೇನೆ. 1387–88ರಲ್ಲಿ ಐವರು ಸರದಾರರು ಸೇರಿ ದೊರೆಯ ಆಪ್ತರನ್ನು ಗಲ್ಲಿಗೇರಿಸಿ, ಗಡೀಪಾರು ಮಾಡಿ ಅವನನ್ನು ಮೂಲೆಗೆ ತಳ್ಳಿದ್ದರು. ಹತ್ತು ವರ್ಷ ಹಗೆಯನ್ನು ಹೊಟ್ಟೆಯಲ್ಲಿಟ್ಟುಕೊಂಡ ರಿಚರ್ಡ್ 1397ರಲ್ಲಿ ತೀರಿಸಿಕೊಂಡ. ಸ್ವಂತ ಚಿಕ್ಕಪ್ಪ ಗ್ಲಾಸ್ಟರಿನ ಡ್ಯೂಕ್ ಕ್ಯಾಲೆಯ ಸೆರೆಯಲ್ಲಿ ಸತ್ತ. ಐವರಲ್ಲಿ ಒಬ್ಬನಾದ ಅರಂಡೆಲ್‌ನ ತಲೆ ಹೋಯಿತು. ಆ ಐವರಲ್ಲಿ ಇನ್ನಿಬ್ಬರು, ಇನ್ನೊಬ್ಬ ಚಿಕ್ಕಪ್ಪನ ಮಗ ಹೆನ್ರಿ ಬೋಲಿಂಗ್‌ಬ್ರೋಕ್ ಮತ್ತು ಥಾಮಸ್ ಮೋಬ್ರೆ, 1398ರ ಸೆಪ್ಟೆಂಬರಿನಲ್ಲಿ ಕವೆಂಟ್ರಿಯಲ್ಲಿ ದ್ವಂದ್ವಯುದ್ಧಕ್ಕೆ ಎದುರಾದಾಗ, ದೊರೆ ಕೊನೆಯ ಗಳಿಗೆಯಲ್ಲಿ ತಡೆದು ಇಬ್ಬರನ್ನೂ ದೇಶದಿಂದ ಅಟ್ಟಿದ. 1399ರ ಫೆಬ್ರವರಿಯಲ್ಲಿ ಹೆನ್ರಿಯ ತಂದೆ ಜಾನ್ ಆಫ್ ಗಾಂಟ್ ತೀರಿಕೊಂಡ. ಮಗನಿಗೆ ಸೇರಬೇಕಾದ ಲ್ಯಾಂಕಾಸ್ಟರ್ ಆಸ್ತಿಯನ್ನು ರಿಚರ್ಡ್ ವಶಮಾಡಿಕೊಂಡ. ಅವನು ಮಾಡಿದ ತಪ್ಪುಗಳಲ್ಲಿ ಇದು ಅತ್ಯಂತ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಚಿಕ್ಕಪ್ಪನ ಮಗನಿಗೆ ಪಿತ್ರಾರ್ಜಿತ ದಕ್ಕದಿದ್ದರೆ ಯಾರ ಹೊಲಮನೆಯೂ ಭದ್ರವಲ್ಲ. ಆಸ್ತಿಯ ಹಕ್ಕು ಮತ್ತು ಪಟ್ಟದ ಹಕ್ಕು ಎರಡೂ ಹುಟ್ಟಿನಿಂದ ಬರುವಂಥವು. ಒಂದನ್ನು ಅವನೇ ಕಡಿದಿದ್ದರಿಂದ ಇನ್ನೊಂದರ ಬೇರೂ ಸಡಿಲವಾಯಿತು.

ಅದೇ ಬೇಸಿಗೆಯಲ್ಲಿ ದೊರೆ ಸೇನೆಯೊಡನೆ ಐರ್ಲೆಂಡಿಗೆ ಹೋದ. ಜುಲೈ ಮೊದಲ ದಿನಗಳಲ್ಲಿ ಹೆನ್ರಿ ಯಾರ್ಕ್‌ಶೈರಿನ ಕಡಲತೀರದಲ್ಲಿ ಇಳಿದ. ಉತ್ತರದ ಪರ್ಸಿ ಮನೆತನ, ಅಂದರೆ ನಾರ್ತಂಬರ್‌ಲ್ಯಾಂಡಿನ ಅರ್ಲ್ ಮತ್ತು ಅವನ ಮಗ, ಅವನನ್ನು ಕೂಡಿಕೊಂಡಿತು. ರಿಚರ್ಡ್ ವೇಲ್ಸಿಗೆ ಮರಳುವ ಹೊತ್ತಿಗೆ ಅವನಿಗಾಗಿ ಕಲೆತಿದ್ದ ಸೇನೆ ಚದುರಿಹೋಗಿತ್ತು. ಕಾನ್ವಿ ಕೋಟೆಯಲ್ಲಿ ನಾರ್ತಂಬರ್‌ಲ್ಯಾಂಡ್ ಬಂದು ಸಂಧಾನ ನಡೆಸಿದ. ಅಲ್ಲಿ ಏನು ನಡೆಯಿತು ಎಂಬುದಕ್ಕೆ ಎರಡು ಕಥೆಗಳಿವೆ. ಗೆದ್ದವರ ದಾಖಲೆಯ ಪ್ರಕಾರ, ಇನ್ನೂ ಸ್ವತಂತ್ರನಾಗಿದ್ದಾಗಲೇ ರಿಚರ್ಡ್ ತಾನಾಗಿ ಪಟ್ಟ ಬಿಡುವ ಮಾತು ಕೊಟ್ಟ. ದೊರೆಯ ಜೊತೆಗೇ ಇದ್ದ ಕ್ರೆಟೋನ್ ಎಂಬ ಫ್ರೆಂಚ್ ಕವಿ ಬರೆದದ್ದು ಬೇರೆ. ನಾರ್ತಂಬರ್‌ಲ್ಯಾಂಡ್ ಪವಿತ್ರ ಪ್ರಸಾದದ ಮೇಲೆ ಆಣೆಯಿಟ್ಟು ನಂಬಿಸಿದ, ಕೋಟೆಯಿಂದ ಹೊರಬಂದ ಮೇಲೆ ದಾರಿಯಲ್ಲಿ ಅಡಗಿಸಿಟ್ಟ ಆಳುಗಳಿಂದ ಹಿಡಿಸಿದ. ನಾನು ನಂಬುವುದು ಕ್ರೆಟೋನನನ್ನು. ಸ್ವಇಚ್ಛೆಯಿಂದ ಪಟ್ಟ ಬಿಡುವವನನ್ನು ಕಾವಲಿನಲ್ಲಿ ಲಂಡನ್ನಿಗೆ ತಂದು ಟವರ್ ಕೋಟೆಯಲ್ಲಿ ಕೂಡಿಹಾಕುವ ಅಗತ್ಯವಿರಲಿಲ್ಲ.

ಸೆಪ್ಟೆಂಬರ್ 21ರಂದು ಆಡಮ್ ಆಫ್ ಅಸ್ಕ್ ಎಂಬ ವೇಲ್ಸಿನ ಕಾನೂನು ಪಂಡಿತ ಟವರಿಗೆ ಹೋಗಿ, ದೊರೆ ಊಟಕ್ಕೆ ಕುಳಿತಾಗ ಹತ್ತಿರದಲ್ಲಿದ್ದ. ಇವನು ಹೆನ್ರಿಯ ಕಡೆಯವನು. ಪದಚ್ಯುತಿಗೆ ಕಾನೂನಿನ ಆಧಾರ ಹುಡುಕುವ ಸಮಿತಿಯಲ್ಲಿ ಕೆಲಸ ಮಾಡುತ್ತಿದ್ದವನು. ಊಟದ ನಡುವೆ ರಿಚರ್ಡ್ ಈ ನಾಡಿನ ಬಗ್ಗೆ ಮಾತು ತೆಗೆದನಂತೆ: ಎಂಥ ವಿಚಿತ್ರವಾದ, ಚಂಚಲವಾದ ನಾಡು ಇದು, ಎಷ್ಟು ದೊರೆಗಳನ್ನು ಗಡೀಪಾರು ಮಾಡಿತು, ಕೊಂದಿತು, ಹಾಳುಮಾಡಿತು! ಆಮೇಲೆ ಅಂಥವರ ಹೆಸರುಗಳನ್ನೂ ಕಥೆಗಳನ್ನೂ ಒಂದೊಂದಾಗಿ ಹೇಳಿದನಂತೆ. ಕೇಳಿಸಿಕೊಂಡ ಆಡಮ್ ಮನಸ್ಸು ಕಲಕಿ ಹೊರಟುಹೋದ. ಶೇಕ್ಸ್‌ಪಿಯರನ ನಾಟಕದಲ್ಲಿ ರಿಚರ್ಡ್ ನೆಲದ ಮೇಲೆ ಕುಳಿತು, ಬನ್ನಿ, ದೊರೆಗಳ ಸಾವಿನ ದುಃಖದ ಕಥೆ ಹೇಳೋಣ ಎನ್ನುವ ಜಾಗ ಬಹು ಪ್ರಸಿದ್ಧ. ಆಡಮನ ಬರಹ ಆ ಕಾಲದಲ್ಲಿ ಅಚ್ಚಾಗಿರಲಿಲ್ಲ. ಹಾಗಿದ್ದೂ ನಾಟಕಕಾರ ಕಲ್ಪಿಸಿದ ಮಾತು ಮತ್ತು ಸೆರೆಯಾಳು ಆಡಿದ ಮಾತು ಒಂದೇ ಬಾಯಿಂದ ಬಂದ ಹಾಗಿವೆ. ಪ್ರತಿ ಸಲ ಓದುವಾಗಲೂ ಇಲ್ಲಿ ನನ್ನ ಮೈ ಜುಮ್ಮೆನ್ನುತ್ತದೆ.

ಈಗ ಮುಖ್ಯ ಘಟ್ಟ. ಹಿಂದೊಮ್ಮೆ, 1327ರಲ್ಲಿ, ರಿಚರ್ಡನ ಮುತ್ತಜ್ಜ ಎರಡನೆಯ ಎಡ್ವರ್ಡನನ್ನು ಪಟ್ಟದಿಂದ ಇಳಿಸಿದ್ದುಂಟು. ಆದರೆ ಆಗ ಪಟ್ಟ ಹೋದದ್ದು ಅವನ ಹಿರಿಯ ಮಗನಿಗೇ. ವಂಶದ ದಾರಿ ಕೆಟ್ಟಿರಲಿಲ್ಲ. ಈ ಸಲ ಹಾಗಲ್ಲ. ರಿಚರ್ಡನಿಗೆ ಮಕ್ಕಳಿಲ್ಲ. ವಂಶವೃಕ್ಷದಲ್ಲಿ ಹೆನ್ರಿಗಿಂತ ಹಿರಿಯ ಕವಲಿನಿಂದ, ಹೆಣ್ಣಿನ ಮೂಲಕ ಬಂದ ಏಳು ವರ್ಷದ ಹುಡುಗ ಎಡ್ಮಂಡ್ ಮಾರ್ಟಿಮರ್ ಇದ್ದ. ಅವನನ್ನು ದಾಟಿ ಹೆನ್ರಿ ಸಿಂಹಾಸನ ಏರಬೇಕಿತ್ತು. ಅದಕ್ಕಾಗಿ ಎಲ್ಲ ಬಗೆಯ ಬೀಗಗಳನ್ನೂ ಒಟ್ಟಿಗೆ ಜಡಿದರು. ಮೊದಲು ದೊರೆಯೇ ಬಿಟ್ಟುಕೊಟ್ಟ ಎಂದರು. ಅದು ಸಾಲದೇನೋ ಎಂದು ಸಭೆಯೂ ಅವನನ್ನು ತೆಗೆದುಹಾಕಿತು ಎಂದರು. ಅದರ ಮೇಲೆ ಹೆನ್ರಿಗೆ ರಕ್ತದ ಹಕ್ಕೂ ಇದೆ ಎಂದರು. ಒಂದೇ ಬಾಗಿಲಿಗೆ ಮೂರು ಬೀಗ ಹಾಕುವವನಿಗೆ ಯಾವ ಬೀಗದ ಮೇಲೂ ನಂಬಿಕೆ ಇರುವುದಿಲ್ಲ.

ಸಂಸತ್ತಿನ ದಾಖಲೆಯಲ್ಲಿ ಸೇರಿಸಿದ ಅಧಿಕೃತ ವರದಿ ಹೇಳುವುದು ಹೀಗೆ. ಸೆಪ್ಟೆಂಬರ್ 29ರಂದು ಟವರಿನ ಕೋಣೆಯಲ್ಲಿ ರಿಚರ್ಡ್ ಪದತ್ಯಾಗದ ಪತ್ರವನ್ನು ಕೈಗೆ ತೆಗೆದುಕೊಂಡು, ನಗುಮೊಗದಿಂದ, ತಾನೇ ಗಟ್ಟಿಯಾಗಿ ಓದಿ ಸಹಿ ಹಾಕಿದ. ನನ್ನ ಕೈಯಲ್ಲಿದ್ದರೆ ಹೆನ್ರಿಯೇ ನನ್ನ ನಂತರ ಬರಲಿ ಎಂದು ಹೇಳಿ, ಮುದ್ರೆಯುಂಗುರವನ್ನು ತನ್ನ ಬೆರಳಿನಿಂದ ತೆಗೆದು ಹೆನ್ರಿಯ ಬೆರಳಿಗೆ ತೊಡಿಸಿದ. ಮರುದಿನ ವೆಸ್ಟ್‌ಮಿನ್‌ಸ್ಟರ್ ಸಭಾಭವನದಲ್ಲಿ ಬಂಗಾರದ ಬಟ್ಟೆ ಹೊದಿಸಿದ ಸಿಂಹಾಸನ ಖಾಲಿ ಇತ್ತು. ದೊರೆ ಅಲ್ಲಿರಲಿಲ್ಲ. ಅವನ ಪತ್ರವನ್ನು ಓದಿದರು. ಅವನ ಮೇಲಿನ 33 ಆರೋಪಗಳನ್ನು ಓದಿದರು. ಸಭೆ ಒಪ್ಪಿತು. ಹೆನ್ರಿ ಎದ್ದು ನಿಂತು ಶಿಲುಬೆಯ ಗುರುತು ಮಾಡಿಕೊಂಡು, ಲ್ಯಾಟಿನ್ನಿನಲ್ಲೂ ಅಲ್ಲ, ಫ್ರೆಂಚಿನಲ್ಲೂ ಅಲ್ಲ, ಜನರ ಇಂಗ್ಲಿಷಿನಲ್ಲಿ ರಾಜ್ಯವನ್ನು ತನ್ನದೆಂದು ಸಾರಿದ. ಅಕ್ಟೋಬರ್ 13ರಂದು ಅವನ ಪಟ್ಟಾಭಿಷೇಕವೂ ಮುಗಿಯಿತು.

ನಗುಮೊಗ! ಈ ಒಂದು ಪದಕ್ಕಾಗಿ ಆ ವರದಿಯನ್ನು ನಾನು ಕ್ಷಮಿಸಲಾರೆ. ಎಂಟು ದಿನದ ಹಿಂದೆ ಸತ್ತ ದೊರೆಗಳ ಹೆಸರು ಎಣಿಸುತ್ತಿದ್ದವನ ಮುಖದ ಮೇಲೆ ಗುಮಾಸ್ತನೊಬ್ಬ ನಗುವನ್ನು ಬರೆದ. ಅದೇ ಕಾಲದ ಇನ್ನೊಂದು ವೃತ್ತಾಂತದಲ್ಲಿ ಅಕ್ಟೋಬರ್ 1ರ ಮಾತುಕತೆಯಿದೆ. ಪ್ರಜೆಗಳ ನಿಷ್ಠೆಯನ್ನು ಹಿಂತೆಗೆದುಕೊಂಡಿದ್ದೇವೆ ಎಂದು ತಿಳಿಸಲು ನ್ಯಾಯಾಧೀಶ ವಿಲಿಯಂ ಥರ್ನಿಂಗ್ ಟವರಿಗೆ ಹೋದಾಗ, ಅಭಿಷೇಕದಿಂದ ತನ್ನ ಆತ್ಮದ ಮೇಲೆ ಒತ್ತಿದ ಗುರುತನ್ನು ತಾನು ಬಿಟ್ಟುಕೊಟ್ಟಿಲ್ಲ, ಬಿಟ್ಟುಕೊಡಲು ಬರುವುದೂ ಇಲ್ಲ ಎಂದು ರಿಚರ್ಡ್ ಉತ್ತರಿಸಿದ. ಅಧಿಕಾರ ಬೇಕಾದರೆ ಹೋಗಲಿ, ತೈಲ ಹೋಗುವುದಿಲ್ಲ. ಒರಟು ಕಡಲಿನ ಅಷ್ಟೂ ನೀರು ಸುರಿದರೂ ಅಭಿಷಿಕ್ತ ದೊರೆಯ ತೈಲ ತೊಳೆದುಹೋಗದು ಎಂದು ನಾಟಕದ ರಿಚರ್ಡ್ ಹೇಳುವುದೂ ಇದನ್ನೇ.

ಇನ್ನು ರಂಗಕ್ಕೆ ಬರೋಣ. ಹಾಲಿನ್‌ಶೆಡ್‌ನ ಇತಿಹಾಸವನ್ನು ಶೇಕ್ಸ್‌ಪಿಯರ್ ಓದಿದ್ದ. ಪದತ್ಯಾಗ ಮುಚ್ಚಿದ ಕೋಣೆಯಲ್ಲಿ ನಡೆಯಿತು, ಸಭೆಯ ಮುಂದೆ ದೊರೆ ಬರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆದರೂ ನಾಲ್ಕನೆಯ ಅಂಕದಲ್ಲಿ ರಿಚರ್ಡನನ್ನು ತುಂಬಿದ ಸಭೆಗೆ ಕರೆಸಿದ. ಇತಿಹಾಸದ ಲೆಕ್ಕದಲ್ಲಿ ಇದು ಸುಳ್ಳು. ಆದರೆ ಈ ಸುಳ್ಳಿನಿಂದ ನಡೆಯುವುದೇನು ನೋಡಿ.

ಕಿರೀಟ ತರಿಸುತ್ತಾರೆ. ರಿಚರ್ಡ್ ಅದರ ಒಂದು ಅಂಚನ್ನು ಹಿಡಿದುಕೊಂಡು, ತೆಗೆದುಕೋ ತಮ್ಮಾ, ಈ ಕಡೆ ನನ್ನ ಕೈ, ಆ ಕಡೆ ನಿನ್ನ ಕೈ ಎನ್ನುತ್ತಾನೆ. ಇಬ್ಬರೂ 1367ರಲ್ಲಿ ಹುಟ್ಟಿದ ದಾಯಾದಿಗಳು. ಒಂದೇ ಕಿರೀಟಕ್ಕೆ ನಾಲ್ಕು ಕಣ್ಣು, ಎರಡು ಕೈ. ಈಗ ಈ ಕಿರೀಟ ಆಳವಾದ ಬಾವಿಯಂತಿದೆ ಎನ್ನುತ್ತಾನೆ. ಅದಕ್ಕೆ ಎರಡು ಕೊಡ. ಖಾಲಿಯಾದದ್ದು ಗಾಳಿಯಲ್ಲಿ ಕುಣಿಯುತ್ತಿರುತ್ತದೆ, ಇನ್ನೊಂದು ಕಣ್ಣಿಗೆ ಕಾಣದೆ ಕೆಳಗೆ ನೀರು ತುಂಬಿಕೊಂಡಿರುತ್ತದೆ. ಕಣ್ಣೀರು ತುಂಬಿ ಕೆಳಗಿಳಿದ ಕೊಡ ನಾನು. ರಾಟೆಯಿಂದ ನೀರು ಸೇದಿದ ಯಾರಿಗೂ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಕುಣಿಯುವ ಕೊಡ ಹಗುರ, ಏಕೆಂದರೆ ಅದರೊಳಗೆ ಏನೂ ಇಲ್ಲ. ಗೆದ್ದವನ ಮುಖದ ಎದುರೇ ಸೋತವನು ಇದನ್ನು ಹೇಳುತ್ತಾನೆ.

ಪಟ್ಟ ಬಿಡಲು ಒಪ್ಪಿಗೆಯೇ ಎಂದು ಹೆನ್ರಿ ಕೇಳಿದಾಗ, ಹೌದು, ಇಲ್ಲ, ಇಲ್ಲ, ಹೌದು ಎಂಬ ತೊಡಕಿನ ಉತ್ತರ ಬರುತ್ತದೆ. ಆಮೇಲೆ ಅವನು ಪಟ್ಟಾಭಿಷೇಕದ ವಿಧಿಯನ್ನು ತಿರುವುಮುರುವಾಗಿ ನಡೆಸಲು ತೊಡಗುತ್ತಾನೆ. ನನ್ನ ತಲೆಯ ಮೇಲಿನ ಈ ಭಾರ, ನನ್ನ ಕೈಯಲ್ಲಿನ ಈ ದಂಡ ಎಂದು ಒಂದೊಂದನ್ನೇ ಹೆಸರಿಸಿ ಕೊಡುತ್ತಾನೆ. ನನ್ನದೇ ಕಣ್ಣೀರಿನಿಂದ ನನ್ನ ತೈಲ ತೊಳೆಯುತ್ತೇನೆ, ನನ್ನದೇ ಕೈಯಿಂದ ನನ್ನ ಕಿರೀಟ ಕೊಡುತ್ತೇನೆ. ಕಡಲಿಗೂ ತೊಳೆಯಲಾಗದ್ದನ್ನು ಸ್ವಂತ ಕಣ್ಣೀರು ತೊಳೆಯುತ್ತದೆ ಎಂದರೆ, ನೀವು ಯಾರೂ ನನ್ನನ್ನು ಇಳಿಸಲಾರಿರಿ, ಇಳಿಸಬಲ್ಲವನು ನಾನೊಬ್ಬನೇ ಎಂದೇ ಅರ್ಥ. ಇಲ್ಲದ ವಿಧಿಗೆ ಅವನೇ ಮಂತ್ರ ಕಟ್ಟಿ, ಅವನೇ ಪುರೋಹಿತನಾಗುತ್ತಾನೆ.

ಆಗ ನಾರ್ತಂಬರ್‌ಲ್ಯಾಂಡ್ ಕಾಗದ ಹಿಡಿದು ಮುಂದೆ ಬರುತ್ತಾನೆ. ಆರೋಪಪಟ್ಟಿಯನ್ನು ನೀನೇ ಓದಬೇಕು, ಆಗ ಮಾತ್ರ ನಿನ್ನನ್ನು ಇಳಿಸಿದ್ದು ನ್ಯಾಯವೆಂದು ಜನ ಒಪ್ಪುತ್ತಾರೆ ಎಂಬುದು ಅವನ ಪಟ್ಟು. ನನ್ನ ಪಾಲಿಗೆ ಇಡೀ ಪ್ರಕರಣದ ಗಂಟು ಇಲ್ಲಿದೆ. ವರದಿಯ ಪ್ರಕಾರ ರಿಚರ್ಡ್ ತನ್ನ ಪದತ್ಯಾಗವನ್ನು ಓದಿದ, ಆರೋಪಗಳನ್ನು ಬೇರೆಯವರು ಅವನ ಬೆನ್ನ ಹಿಂದೆ ಓದಿದರು. ರಂಗದಲ್ಲಿ ಆರೋಪಗಳನ್ನು ಅವನ ಕೈಗೇ ಕೊಡುತ್ತಾರೆ, ಅವನು ಓದುವುದೇ ಇಲ್ಲ. ಕಣ್ಣಲ್ಲಿ ನೀರು ತುಂಬಿದೆ, ಅಕ್ಷರ ಕಾಣುವುದಿಲ್ಲ ಎನ್ನುತ್ತಾನೆ. ಕನ್ನಡಿ ತರಿಸಿ ಎನ್ನುತ್ತಾನೆ. ನನ್ನ ಪಾಪವೆಲ್ಲ ಬರೆದಿರುವ ಪುಸ್ತಕ ನಾನೇ, ಅದನ್ನೇ ಓದುತ್ತೇನೆ. ಹಿಂದೆ ತನ್ನ ನೋಟ ಬಿದ್ದಲ್ಲೆಲ್ಲ ಜನ ಮಂಡಿಯೂರುತ್ತಿದ್ದ ದೊರೆ ಈಗ ತನ್ನ ಮುಖವನ್ನೇ ದಿಟ್ಟಿಸುತ್ತಾನೆ. ಇಷ್ಟು ಕಷ್ಟ ಬಿದ್ದ ಮುಖದಲ್ಲಿ ಇನ್ನೂ ಆಳವಾದ ಗೆರೆ ಮೂಡಿಲ್ಲವಲ್ಲ ಎಂದು ಬೆರಗಾಗುತ್ತಾನೆ. ಕನ್ನಡಿಯನ್ನು ನೆಲಕ್ಕೆ ಅಪ್ಪಳಿಸುತ್ತಾನೆ. 33 ಆರೋಪಗಳ ಪಟ್ಟಿ ಓದದೆಯೇ ಉಳಿಯುತ್ತದೆ. ಕನ್ನಡಿ ಬರುವ ಮೊದಲೇ ಹೆನ್ರಿ, ಇನ್ನು ಒತ್ತಾಯ ಬೇಡ ಎಂದುಬಿಟ್ಟಿರುತ್ತಾನೆ.

ನಾಟಕ ಎಲ್ಲ ಕಡೆಯೂ ಇತಿಹಾಸಕ್ಕಿಂತ ಸತ್ಯ ಎಂದು ನಾನು ಹೇಳುತ್ತಿಲ್ಲ. ಬೀದಿಯಲ್ಲಿ ಗಂಡನನ್ನು ಬೀಳ್ಕೊಟ್ಟು ಅಳುವ ಪ್ರೌಢ ರಾಣಿ ನಾಟಕದಲ್ಲಿದ್ದಾಳೆ. ನಿಜವಾದ ಇಸಬೆಲ್ಲಾ ಆಗ ಇನ್ನೂ ಹತ್ತು ತುಂಬದ ಹುಡುಗಿ. ಎಳೆಯ ಹುಡುಗನಂತೆ ಬರುವ, ನಾರ್ತಂಬರ್‌ಲ್ಯಾಂಡಿನ ಮಗ ಹ್ಯಾರಿ ಪರ್ಸಿ ನಿಜದಲ್ಲಿ ರಿಚರ್ಡನಿಗೂ ಹೆನ್ರಿಗೂ ಹಿರಿಯ. ಕೊನೆಯ ಅಂಕದಲ್ಲಿ ಎಕ್ಸ್‌ಟನ್ ಎಂಬವನು ಆಳುಗಳೊಡನೆ ಸೆರೆಮನೆಗೆ ನುಗ್ಗಿ ದೊರೆಯನ್ನು ಹೊಡೆದು ಕೊಲ್ಲುತ್ತಾನೆ. ಇದು ಹಾಲಿನ್‌ಶೆಡ್‌ನಲ್ಲೂ ಇರುವ ಕಥೆ. ನಡೆದದ್ದು ಬಹುಶಃ ಇದಕ್ಕಿಂತ ನಿಧಾನವಾದ ಸಾವು. 1400ರ ಜನವರಿಯಲ್ಲಿ ಅವನ ಪರವಾಗಿ ಎದ್ದ ಸಂಚು ಮುರಿದುಬಿತ್ತು. ರಿಚರ್ಡ್ ಜೀವಂತ ಇರುವ ತನಕ ಹೆನ್ರಿಗೆ ನಿದ್ದೆಯಿಲ್ಲ ಎಂಬುದು ಖಚಿತವಾಯಿತು. ಫೆಬ್ರವರಿಯಲ್ಲಿ ಪಾಂಟಿಫ್ರಾಕ್ಟ್ ಕೋಟೆಯಲ್ಲಿ ರಿಚರ್ಡ್ ಸತ್ತ. ಉಪವಾಸ ಬಿದ್ದೋ, ಉಪವಾಸ ಕೆಡವಿಯೋ ಸತ್ತನೆಂದು ಹೆಚ್ಚಿನ ಇತಿಹಾಸಕಾರರ ಮತ. 1871ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯ ಸಮಾಧಿಯನ್ನು ತೆರೆದು ನೋಡಿದಾಗ ತಲೆಬುರುಡೆಯ ಮೇಲೆ ಕೊಡಲಿ ಏಟಿನ ಗುರುತು ಇರಲಿಲ್ಲ.

ಕೊಲೆಯ ವಿಷಯದಲ್ಲಿ ನಾಟಕ ತಪ್ಪಿತು ಎಂದು ಯಾರೂ ತಲೆಕೆಡಿಸಿಕೊಳ್ಳಲಿಲ್ಲ. 1597ರಲ್ಲಿ ಅಚ್ಚಾದ ಮೊದಲ ಪ್ರತಿಯಲ್ಲಿ ಕೊಲೆ ಇದೆ, ರಕ್ತ ಇದೆ, ಶವಪೆಟ್ಟಿಗೆ ಇದೆ. ಇಲ್ಲದಿರುವುದು ನಾನು ಮೇಲೆ ಹೇಳಿದ ದೃಶ್ಯ. ಕಿರೀಟ, ಬಾವಿ, ಕನ್ನಡಿ ಎಲ್ಲವೂ ಸೇರಿ ಸುಮಾರು 160 ಸಾಲು. 1598ರಲ್ಲಿ ಎರಡು ಸಲ ಮರುಮುದ್ರಣವಾಯಿತು, ಆಗಲೂ ಇಲ್ಲ. ರಾಣಿಗೆ ಮಕ್ಕಳಿಲ್ಲ, ವಾರಸುದಾರನ ಹೆಸರೆತ್ತುವುದೇ ಅಪರಾಧವಾಗಿದ್ದ ದಿನಗಳು ಅವು. ಈ ಸಾಲುಗಳನ್ನು ಆಮೇಲೆ ಬರೆದು ಸೇರಿಸಿರಬಹುದು ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಆದರೆ ಮೊದಲ ಮುದ್ರಣದಲ್ಲೇ ಒಂದು ಸಾಕ್ಷಿ ಉಳಿದುಹೋಗಿದೆ. ಆ ಪ್ರತಿಯಲ್ಲಿ ರಿಚರ್ಡನ ಪರ ಮಾತಾಡಿದ ಬಿಷಪ್ಪನನ್ನು ಬಂಧಿಸುತ್ತಾರೆ, ಹೆನ್ರಿ ತನ್ನ ಪಟ್ಟಾಭಿಷೇಕದ ದಿನ ಹೇಳಿ ಹೊರಡುತ್ತಾನೆ, ಅಷ್ಟೇ. ಒಡನೆಯೇ ವೆಸ್ಟ್‌ಮಿನ್‌ಸ್ಟರಿನ ಮಠಾಧೀಶ, ಎಂಥ ದುಃಖದ ನೋಟವನ್ನು ನಾವಿಲ್ಲಿ ಕಂಡೆವು ಎನ್ನುತ್ತಾನೆ. ಯಾವ ನೋಟ? ಓದುಗ ಏನನ್ನೂ ಕಂಡಿಲ್ಲ. ಕತ್ತರಿ ಆಡಿಸಿದವನು 160 ಸಾಲು ತೆಗೆದ, ಈ ಒಂದು ಸಾಲನ್ನು ಮರೆತ ಎಂದೇ ನನಗೆ ತೋರುತ್ತದೆ.

ಈಗ 1601ರ ಶನಿವಾರಕ್ಕೆ ಮರಳಬಹುದು. ನಾಟಕ ಆಡಿಸಲು ಹೋದವರ ಹೆಸರುಗಳನ್ನು ಫಿಲಿಪ್ಸ್ ಹೇಳಿದ್ದಾನೆ. ಅವರಲ್ಲಿ ಸರ್ ಚಾರ್ಲ್ಸ್ ಪರ್ಸಿ ಒಬ್ಬ, ಸರ್ ಜೋಸ್ಲಿನ್ ಪರ್ಸಿ ಇನ್ನೊಬ್ಬ. ಕಾನ್ವಿಯಲ್ಲಿ ರಿಚರ್ಡನನ್ನು ಹೊರಗೆ ತಂದ, ಹೆನ್ರಿಯನ್ನು ಪಟ್ಟಕ್ಕೇರಿಸಿದ ಅದೇ ನಾರ್ತಂಬರ್‌ಲ್ಯಾಂಡ್ ಮನೆತನದವರು. ತಮ್ಮ ಹಿರಿಯರು ಒಮ್ಮೆ ಮಾಡಿದ್ದನ್ನು ರಂಗದ ಮೇಲೆ ಕಂಡು ಮೈಗೆ ಕಸುವು ತುಂಬಿಕೊಳ್ಳಬೇಕು ಎಂಬ ಆಸೆ ಅವರಿಗಿತ್ತೇನೋ. ಆದರೆ ನಾಟಕವನ್ನು ಅವರು ಕಿವಿಗೊಟ್ಟು ಕೇಳಿದರೇ? ಐದನೆಯ ಅಂಕದಲ್ಲಿ ರಿಚರ್ಡ್ ನಾರ್ತಂಬರ್‌ಲ್ಯಾಂಡಿಗೆ ನೇರವಾಗಿ ಹೇಳುವ ಮಾತಿದೆ: ಹೆನ್ರಿ ನನ್ನ ಸಿಂಹಾಸನಕ್ಕೆ ಹತ್ತಲು ಬಳಸಿದ ಏಣಿ ನೀನು, ಅರ್ಧ ರಾಜ್ಯ ಕೊಟ್ಟರೂ ನಿನಗೆ ಸಾಲದು, ದೊರೆಗಳನ್ನು ಮಾಡುವ ದಾರಿ ಬಲ್ಲವನು ಇಳಿಸುವ ದಾರಿಯನ್ನೂ ಬಲ್ಲ ಎಂದು ಅವನು ನಿನ್ನನ್ನು ನಂಬುವುದಿಲ್ಲ. ಹಾಗೆಯೇ ನಡೆಯಿತು. 1403ರಲ್ಲಿ ಶ್ರೂಸ್‌ಬರಿಯ ರಣದಲ್ಲಿ ಹ್ಯಾರಿ ಪರ್ಸಿ ಹೆನ್ರಿಯ ವಿರುದ್ಧ ಕಾದಿ ಸತ್ತ. 1408ರಲ್ಲಿ ಅವನ ತಂದೆಯೂ ಬಂಡೆದ್ದು ಬ್ರಾಮ್‌ಹ್ಯಾಮ್ ಮೂರ್‌ನಲ್ಲಿ ಬಿದ್ದ. ಈ ಎಚ್ಚರಿಕೆಯನ್ನು ಕೇಳಲು ಪರ್ಸಿ ಸಹೋದರರು 40 ಶಿಲ್ಲಿಂಗ್ ಕೊಡಿಸಿ ಕುಳಿತಿದ್ದರು.

ಸಂಚುಗಾರರು ನಾಟಕವನ್ನು ಅರ್ಧ ಮಾತ್ರ ಅರ್ಥಮಾಡಿಕೊಂಡರು ಎಂದು ನಾನು ಭಾವಿಸುತ್ತೇನೆ. ಮೊದಲ ಎರಡು ಅಂಕಗಳಲ್ಲಿ ರಿಚರ್ಡ್ ಆಸ್ತಿ ಕಸಿಯುವ, ಸಾಯುತ್ತಿರುವ ಚಿಕ್ಕಪ್ಪನ ಮಾತಿಗೆ ಸಿಡುಕುವ ದೊರೆ. ನೋಡುವವರ ಮನಸ್ಸು ಹೆನ್ರಿಯ ಕಡೆಗೆ ವಾಲುತ್ತದೆ. ಅವನು ಬೀಳತೊಡಗಿದ ಗಳಿಗೆಯಿಂದ ತಕ್ಕಡಿ ತಿರುಗುತ್ತದೆ. ಕೊನೆಗೆ ಗೆದ್ದ ಹೆನ್ರಿಯೇ ಶವಪೆಟ್ಟಿಗೆಯ ಮುಂದೆ ನಿಂತು, ಈ ರಕ್ತವನ್ನು ತೊಳೆದುಕೊಳ್ಳಲು ಜೆರುಸಲೇಮಿನ ಯಾತ್ರೆ ಹೋಗುತ್ತೇನೆ ಎನ್ನುತ್ತಾನೆ. ಬಂಡಾಯಕ್ಕೆ ಹುರುಪು ತುಂಬುವ ನಾಟಕ ಬೇಕಿದ್ದವರು ಇದಕ್ಕಿಂತ ತಪ್ಪಾದ ಆಯ್ಕೆ ಮಾಡಲು ಸಾಧ್ಯವಿರಲಿಲ್ಲ. ಭಾನುವಾರ ಲಂಡನ್ನಿನ ಜನ ಎಸೆಕ್ಸ್‌ನನ್ನು ಕಿಟಕಿಯಿಂದ ನೋಡಿದರು, ಬೀದಿಗೆ ಇಳಿಯಲಿಲ್ಲ. ಅವನು ದೋಣಿಯಲ್ಲಿ ಮನೆಗೆ ಮರಳಿ ಆ ರಾತ್ರಿಯೇ ಶರಣಾದ. ಫೆಬ್ರವರಿ 25ರಂದು ಟವರಿನ ಅಂಗಳದಲ್ಲಿ ಅವನ ತಲೆ ಹೋಯಿತು. ಹಿಂದಿನ ಸಂಜೆ ಆಸ್ಥಾನದಲ್ಲಿ ನಾಟಕವಿತ್ತು. ಆಡಿದ್ದು ಫಿಲಿಪ್ಸ್, ಶೇಕ್ಸ್‌ಪಿಯರ್ ಇದ್ದ ಅದೇ ಮಂಡಳಿ.

ನಟರಿಗೆ ಶಿಕ್ಷೆಯಾಗಲಿಲ್ಲ. 1599ರಲ್ಲಿ ಇದೇ ಪದಚ್ಯುತಿಯ ಇತಿಹಾಸ ಬರೆದು ಎಸೆಕ್ಸ್‌ಗೆ ಅರ್ಪಿಸಿದ್ದ ಜಾನ್ ಹೇವರ್ಡ್ ಮಾತ್ರ ಟವರಿನ ಸೆರೆ ಕಂಡ. ಪುಸ್ತಕ ಬರೆದವನು ಹೊಣೆ, ಮಾತನ್ನು ಬಾಯಲ್ಲಿ ಆಡಿ ತೋರಿಸಿದವರು ಕೂಲಿಯವರು ಎಂದು ಸರ್ಕಾರ ಎಣಿಸಿದಂತಿದೆ. ನಾಟಕವನ್ನು ಸಾಕ್ಷಿಯಾಗಿ ಬಳಸಿದ್ದು ಎಸೆಕ್ಸ್‌ನ ಆಪ್ತ ಗೆಲಿ ಮೆರಿಕ್‌ನ ವಿರುದ್ಧ. ಆ ದುರಂತವನ್ನು ತನ್ನ ಒಡೆಯ ಬೇಗನೆ ರಂಗದಿಂದ ರಾಜ್ಯಕ್ಕೆ ತರುತ್ತಾನೆಂದು ನಂಬಿ, ಅದನ್ನು ಕಣ್ತುಂಬ ನೋಡಲು ಆತುರಪಟ್ಟ ಎಂದು ಫ್ರಾನ್ಸಿಸ್ ಬೇಕನ್ ಬರೆದ. ಮೆರಿಕ್‌ಗೆ ಮಾರ್ಚಿನಲ್ಲಿ ಮರಣದಂಡನೆಯಾಯಿತು. ಆ ಆಗಸ್ಟಿನಲ್ಲಿ ಎಲಿಜಬೆತ್ ರಾಣಿ ತನ್ನ ದಾಖಲೆಪಾಲಕ ಲ್ಯಾಂಬಾರ್ಡ್ ಜೊತೆ ಹಳೆಯ ಕಡತ ನೋಡುತ್ತ, ಎರಡನೆಯ ರಿಚರ್ಡ್ ನಾನೇ, ಗೊತ್ತಿಲ್ಲವೇ ಎಂದಳೆಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅದು ಅಚ್ಚಾದದ್ದು ಬಹಳ ತಡವಾಗಿ, ಅದರ ನಿಜದ ಬಗ್ಗೆ ವಿದ್ವಾಂಸರಲ್ಲಿ ಅನುಮಾನವೂ ಇದೆ. ಆದ್ದರಿಂದ ಅದರ ಮೇಲೆ ಭಾರ ಹಾಕಲು ನನಗೆ ಮನಸ್ಸಿಲ್ಲ. 160 ಸಾಲುಗಳ ಗೈರುಹಾಜರಿಯೇ ಸಾಕಷ್ಟು ಹೇಳುತ್ತದೆ.

ರಾಣಿ 1603ರಲ್ಲಿ ತೀರಿಕೊಂಡಳು. ಪಟ್ಟ ಸ್ಕಾಟ್ಲೆಂಡಿನ ಜೇಮ್ಸ್‌ಗೆ ಗಲಾಟೆಯಿಲ್ಲದೆ ಹೋಯಿತು. 1608ರಲ್ಲಿ ನಾಟಕದ ಹೊಸ ಮುದ್ರಣ ಬಂತು. ಕೆಲವು ಪ್ರತಿಗಳ ಮುಖಪುಟದ ಮೇಲೆ ಪ್ರಕಾಶಕ ಹೆಮ್ಮೆಯಿಂದ ಅಚ್ಚು ಹಾಕಿಸಿದ: ಸಂಸತ್ತಿನ ದೃಶ್ಯ ಮತ್ತು ರಿಚರ್ಡ್ ದೊರೆಯ ಪದಚ್ಯುತಿಯ ಹೊಸ ಸೇರ್ಪಡೆಗಳೊಂದಿಗೆ. ಹಿಂದಿನ ಮೂರು ಮುದ್ರಣಗಳಲ್ಲಿ ಖಾಲಿ ಜಾಗವನ್ನು ನೋಡುತ್ತ ನಿಂತಿದ್ದ ಮಠಾಧೀಶನ ಆ ಸಾಲಿನ ಮುಂದೆ ಈಗ ಕಿರೀಟ ಕೈ ಬದಲಾಗುತ್ತದೆ, ಕನ್ನಡಿ ಒಡೆಯುತ್ತದೆ, ರಿಚರ್ಡನನ್ನು ಕಾವಲಿನಲ್ಲಿ ಕರೆದೊಯ್ಯುತ್ತಾರೆ. ಆಮೇಲೆ ಅವನು ಬಾಯಿ ತೆರೆಯುತ್ತಾನೆ: ಎಂಥ ದುಃಖದ ನೋಟವನ್ನು ನಾವಿಲ್ಲಿ ಕಂಡೆವು.